ದೇಶಪ್ರೇಮಿ ಯಾರು? ಚೀನಾದ ರಾಷ್ಟ್ರೀಯತೆ, ಪಠ್ಯಪುಸ್ತಕ ಮತ್ತು ಅರ್ಧಕ್ಕೆ ನಿಂತ ಸುಧಾರಣೆ

1989ರ ಏಪ್ರಿಲ್ 26ರಂದು ಚೀನಾ ಕಮ್ಯುನಿಸ್ಟ್ ಪಕ್ಷದ ಮುಖವಾಣಿ 'ಪೀಪಲ್ಸ್ ಡೈಲಿ'ಯ ಮುಖಪುಟದಲ್ಲಿ ಪ್ರಕಟವಾದ ಸಂಪಾದಕೀಯವು ಬೀಜಿಂಗ್‌ನ ವಿದ್ಯಾರ್ಥಿ ಚಳವಳಿಯನ್ನು 'ಕ್ಷೋಭೆ' ಎಂದು ಕರೆಯಿತು. ಪಕ್ಷದ ಪದಚ್ಯುತ ಪ್ರಧಾನ ಕಾರ್ಯದರ್ಶಿ ಹು ಯಾವೊಬಾಂಗ್ ಅವರ ನಿಧನಕ್ಕೆ ಶೋಕ ಸೂಚಿಸಲು ತಿಯಾನನ್‌ಮೆನ್ ಚೌಕದಲ್ಲಿ ನೆರೆದಿದ್ದ ವಿದ್ಯಾರ್ಥಿಗಳನ್ನು ಕೆರಳಿಸಿದ್ದು ಆ ಒಂದು ಪದ. ಮೇ 13ರಂದು ಉಪವಾಸಕ್ಕೆ ಕುಳಿತಾಗ ಅವರು ಮುಂದಿಟ್ಟ ಬೇಡಿಕೆಗಳು ಎರಡೇ: ಸರ್ಕಾರವು ಸಮಾನ ನೆಲೆಯಲ್ಲಿ ಮಾತುಕತೆ ನಡೆಸಬೇಕು, ತಮ್ಮದು ದೇಶಪ್ರೇಮದ, ಪ್ರಜಾಸತ್ತಾತ್ಮಕ ಚಳವಳಿ ಎಂದು ಒಪ್ಪಿಕೊಳ್ಳಬೇಕು. ಸರ್ಕಾರವನ್ನು ಉರುಳಿಸುವ ಮಾತು ಅಲ್ಲಿರಲಿಲ್ಲ. 'ದೇಶಪ್ರೇಮಿಗಳು' ಎಂಬ ಮನ್ನಣೆಯನ್ನು ಅವರು ಬೇಡಿದ್ದರು.

ಆ ಮನ್ನಣೆ ದೊರೆಯಲಿಲ್ಲ. ಜೂನ್ 3ರ ರಾತ್ರಿಯಿಂದ 4ರ ಬೆಳಗಿನವರೆಗೆ ಸೇನೆಯು ಗುಂಡು ಹಾರಿಸುತ್ತಾ, ಟ್ಯಾಂಕುಗಳೊಂದಿಗೆ ನಗರವನ್ನು ಪ್ರವೇಶಿಸಿತು. ಸತ್ತವರ ಖಚಿತ ಸಂಖ್ಯೆಯನ್ನು ಚೀನಾ ಇಂದಿಗೂ ಬಹಿರಂಗಪಡಿಸಿಲ್ಲ. ಮುಂದಿನ ಮೂರು ದಶಕಗಳಲ್ಲಿ ಚೀನಾ ಸರ್ಕಾರ ಅತ್ಯಂತ ಜಾಗರೂಕತೆಯಿಂದ ಕಾಯ್ದುಕೊಂಡು ಬಂದ ಆಸ್ತಿಯೆಂದರೆ ವಿದ್ಯಾರ್ಥಿಗಳು ಕೇಳಿದ್ದ ಅದೇ ಪದ. ದೇಶಪ್ರೇಮಿ ಯಾರು ಎಂಬುದನ್ನು ನಿರ್ಧರಿಸುವ ಅಧಿಕಾರವನ್ನು ಪಕ್ಷವು ಮೊದಲು ಪಠ್ಯಪುಸ್ತಕದ ಮೂಲಕ, ಅನಂತರ ಕಾನೂನಿನ ಮೂಲಕ ತನ್ನಲ್ಲೇ ಉಳಿಸಿಕೊಂಡಿತು. ರಾಜಕೀಯ ಸುಧಾರಣೆಯ ಕಥೆಯನ್ನು ಇದರಿಂದ ಬೇರ್ಪಡಿಸಿ ಹೇಳಲಾಗದು.

ಅವಳಿಗಳಾಗಿ ಹುಟ್ಟಿದ್ದು

ಚೀನೀ ಭಾಷೆಯಲ್ಲಿ ದೇಶಪ್ರೇಮಕ್ಕೆ 'ಐಗುವೊ' ಎನ್ನುತ್ತಾರೆ. 'ಐ' ಎಂದರೆ ಪ್ರೀತಿ, 'ಗುವೊ' ಎಂದರೆ ದೇಶ. ಕನ್ನಡದ 'ದೇಶಭಕ್ತಿ'ಯಲ್ಲಿರುವ ಭಕ್ತಿಯ ಛಾಯೆ ಈ ಪದದಲ್ಲಿಲ್ಲ. ಆಧುನಿಕ ಚೀನಾದಲ್ಲಿ ಈ ಪ್ರೀತಿ ಬೀದಿಗಿಳಿದ ದಿನವೆಂದು ಗುರುತಿಸಲಾಗುವುದು 1919ರ ಮೇ 4. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಶಾಂತಿ ಸಮ್ಮೇಳನವು ಶಾಂಡಾಂಗ್ ಪ್ರಾಂತದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಚೀನಾಕ್ಕೆ ಮರಳಿಸುವ ಬದಲು ಜಪಾನಿಗೆ ವಹಿಸಿತು. ಅದನ್ನು ಪ್ರತಿಭಟಿಸಿ ಸುಮಾರು 3000 ವಿದ್ಯಾರ್ಥಿಗಳು ತಿಯಾನನ್‌ಮೆನ್ ದ್ವಾರದ ಮುಂದೆ ಸೇರಿದರು. ಆ ಪೀಳಿಗೆಯ ಪತ್ರಿಕೆಗಳಲ್ಲಿ ಪ್ರಜಾಪ್ರಭುತ್ವ ಮತ್ತು ವಿಜ್ಞಾನಗಳನ್ನು 'ಶ್ರೀಮಾನ್ ದೆ', 'ಶ್ರೀಮಾನ್ ಸೈ' ಎಂದು ಇಬ್ಬರು ಗಣ್ಯರಂತೆ ಸ್ವಾಗತಿಸಲಾಗುತ್ತಿತ್ತು. ವಿದೇಶಿ ದಬ್ಬಾಳಿಕೆಯ ವಿರೋಧವೂ ಸ್ವದೇಶಿ ದಬ್ಬಾಳಿಕೆಯ ವಿರೋಧವೂ ಒಂದೇ ಮನೆಯ ಅವಳಿಗಳಂತೆ ಬೆಳೆದವು. 1921ರಲ್ಲಿ ಹುಟ್ಟಿದ ಕಮ್ಯುನಿಸ್ಟ್ ಪಕ್ಷದ ಸ್ಥಾಪಕರಲ್ಲಿ ಹಲವರು ಈ ಚಳವಳಿಯಿಂದಲೇ ಬಂದವರು. 1989ರ ವಿದ್ಯಾರ್ಥಿಗಳು ಮೇ 4ರ 70ನೇ ವಾರ್ಷಿಕೋತ್ಸವವನ್ನು ಮೆರವಣಿಗೆ ಮಾಡಿ ಆಚರಿಸಿದ್ದಕ್ಕೆ ಈ ಹಿನ್ನೆಲೆಯಿದೆ.

ಅದೇ ದಿನ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಪ್ರತಿನಿಧಿಗಳ ಮುಂದೆ ಮಾತನಾಡಿದ ಪಕ್ಷದ ಪ್ರಧಾನ ಕಾರ್ಯದರ್ಶಿ ಝಾವೊ ಝಿಯಾಂಗ್, ವಿದ್ಯಾರ್ಥಿಗಳ ಅಹವಾಲನ್ನು ಪ್ರಜಾಸತ್ತೆ ಮತ್ತು ಕಾನೂನಿನ ಹಾದಿಯಲ್ಲಿ ಬಗೆಹರಿಸಬೇಕೆಂದು ಸಮಾಧಾನದ ಧಾಟಿಯಲ್ಲಿ ಹೇಳಿದ್ದರು. ಅದು ಅಕಸ್ಮಾತ್ತಾಗಿ ಬಂದ ಮಾತಲ್ಲ. 1980ರ ಆಗಸ್ಟ್‌ನಲ್ಲಿ ಸ್ವತಃ ಡೆಂಗ್ ಷಿಯಾವೊಪಿಂಗ್ ಅಧಿಕಾರದ ಅತಿ ಕೇಂದ್ರೀಕರಣ ಮತ್ತು ಆಜೀವ ಅಧಿಕಾರಾವಧಿಗಳನ್ನು ವ್ಯವಸ್ಥೆಯ ರೋಗಗಳೆಂದು ಗುರುತಿಸಿದ್ದರು. 1982ರ ಸಂವಿಧಾನವು ಅಧ್ಯಕ್ಷ ಸ್ಥಾನಕ್ಕೆ ಎರಡು ಅವಧಿಗಳ ಮಿತಿಯನ್ನು ವಿಧಿಸಿತ್ತು. 1987ರ ಅಕ್ಟೋಬರ್‌ನಲ್ಲಿ ನಡೆದ 13ನೇ ಮಹಾಧಿವೇಶನದಲ್ಲಿ ಝಾವೊ ಮಂಡಿಸಿದ ವರದಿಯು ಪಕ್ಷ ಮತ್ತು ಸರ್ಕಾರಗಳನ್ನು ಪ್ರತ್ಯೇಕಿಸುವ, ಸಮಾಜದೊಡನೆ ಸಂವಾದ ನಡೆಸುವ ಕಾರ್ಯಕ್ರಮವನ್ನು ಮುಂದಿಟ್ಟಿತ್ತು. ಸೇನಾಡಳಿತವನ್ನು ವಿರೋಧಿಸಿದ ಝಾವೊ ಪದಚ್ಯುತರಾದರು. 2005ರ ಜನವರಿ 17ರಂದು ಕೊನೆಯುಸಿರೆಳೆಯುವವರೆಗೆ ಗೃಹಬಂಧನದಲ್ಲಿದ್ದರು. ಅಲ್ಲಿ ಅವರು ಗುಟ್ಟಾಗಿ ಧ್ವನಿಮುದ್ರಿಸಿಕೊಂಡಿದ್ದ ನೆನಪುಗಳು 2009ರಲ್ಲಿ ಪುಸ್ತಕವಾಗಿ ಹೊರಬಂದವು. ಸಂಸದೀಯ ಪ್ರಜಾಪ್ರಭುತ್ವಕ್ಕಿಂತ ಉತ್ತಮ ವ್ಯವಸ್ಥೆ ಕಾಣದು ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು. ಪಕ್ಷದ ಅತ್ಯುನ್ನತ ಸ್ಥಾನದಲ್ಲಿ ಕುಳಿತಿದ್ದ ವ್ಯಕ್ತಿಯೊಬ್ಬ ಆ ಮಾತು ಹೇಳಲು ಕ್ಯಾಸೆಟ್ಟುಗಳನ್ನು ಬಚ್ಚಿಡಬೇಕಾಯಿತು.

ತಪ್ಪು ಎಲ್ಲಾಯಿತು?

1989ರ ಜೂನ್ 9ರಂದು ಸೇನಾಧಿಕಾರಿಗಳನ್ನು ಉದ್ದೇಶಿಸಿ ಮಾತನಾಡಿದ ಡೆಂಗ್, ಹಿಂದಿನ ಹತ್ತು ವರ್ಷಗಳ ಅತಿ ದೊಡ್ಡ ತಪ್ಪು ಶಿಕ್ಷಣ ಕ್ಷೇತ್ರದಲ್ಲಾಗಿದೆ ಎಂದರು. ಅವರ ಮಾತಿನ ಅರ್ಥ ಶಾಲೆಗಳ ಕೊರತೆಯಾಗಿರಲಿಲ್ಲ. ಸೈದ್ಧಾಂತಿಕ ಮತ್ತು ರಾಜಕೀಯ ಶಿಕ್ಷಣ ಸಡಿಲವಾಗಿತ್ತೆಂಬುದು ಅವರ ಆಕ್ಷೇಪ. ಈ ರೋಗನಿರ್ಣಯವು ಮುಂದಿನ ಚಿಕಿತ್ಸೆಯನ್ನು ನಿರ್ಧರಿಸಿತು. 1991ರಲ್ಲಿ ಹೊಸ ಪ್ರಧಾನ ಕಾರ್ಯದರ್ಶಿ ಜಿಯಾಂಗ್ ಜೆಮಿನ್, ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಆಧುನಿಕ ಮತ್ತು ಸಮಕಾಲೀನ ಇತಿಹಾಸ ಹಾಗೂ ದೇಶದ ಸ್ಥಿತಿಗತಿಗಳ ಬೋಧನೆ ನಡೆಯಬೇಕೆಂದು ಶಿಕ್ಷಣ ಇಲಾಖೆಗೆ ಬರೆದರು. ಅದೇ ವರ್ಷಾಂತ್ಯಕ್ಕೆ ಸೋವಿಯತ್ ಒಕ್ಕೂಟ ಕುಸಿಯಿತು. 1992ರಲ್ಲಿ ಡೆಂಗ್ ಅವರ ದಕ್ಷಿಣ ಪ್ರವಾಸದ ಬಳಿಕ ಮಾರುಕಟ್ಟೆಯ ಬಾಗಿಲುಗಳು ಮತ್ತಷ್ಟು ತೆರೆದುಕೊಂಡವು. ಷೇರುಪೇಟೆ ನಡೆಸುವ ಪಕ್ಷವು ವರ್ಗ ಸಂಘರ್ಷದ ಮಂತ್ರವನ್ನು ಎಷ್ಟು ದಿನ ಜಪಿಸೀತು? ತೆರವಾದ ಸ್ಥಾನಕ್ಕೆ ರಾಷ್ಟ್ರ ಬಂದಿತು.

1994ರ ಆಗಸ್ಟ್‌ನಲ್ಲಿ ಕೇಂದ್ರ ಸಮಿತಿಯು 'ದೇಶಪ್ರೇಮ ಶಿಕ್ಷಣದ ಅನುಷ್ಠಾನ ಮಾರ್ಗಸೂಚಿ'ಯನ್ನು ಹೊರಡಿಸಿತು. ಪಠ್ಯಕ್ರಮ, ಧ್ವಜಾರೋಹಣ, ಚಲನಚಿತ್ರ, ವಸ್ತುಸಂಗ್ರಹಾಲಯ, ಹುತಾತ್ಮರ ಸ್ಮಾರಕ, ಹಬ್ಬಗಳ ಆಚರಣೆ ಎಲ್ಲವೂ ಒಂದೇ ಯೋಜನೆಯಡಿ ಬಂದವು. ಮಕ್ಕಳು ನೋಡಬೇಕಾದ 100 ಚಿತ್ರಗಳ, ಓದಬೇಕಾದ 100 ಪುಸ್ತಕಗಳ ಪಟ್ಟಿಗಳು ಸಿದ್ಧವಾದವು. 1997ರಲ್ಲಿ ದೇಶಾದ್ಯಂತ 100 ಸ್ಥಳಗಳನ್ನು 'ದೇಶಪ್ರೇಮ ಶಿಕ್ಷಣ ನೆಲೆ'ಗಳೆಂದು ಘೋಷಿಸಲಾಯಿತು. ಶಾಲಾ ಪ್ರವಾಸದ ಬಸ್ಸುಗಳು ಅತ್ತ ಹೊರಟವು.

ಕಥನದ ಒಳಗಿನ ಬದಲಾವಣೆ ಇದಕ್ಕಿಂತ ಮುಖ್ಯವಾದುದು. ಮಾವೊ ಕಾಲದ ಪಠ್ಯದಲ್ಲಿ ಚೀನಾ ಗೆದ್ದ ದೇಶ. ರೈತರು, ಕಾರ್ಮಿಕರು ಜಮೀನ್ದಾರರನ್ನೂ ಸಾಮ್ರಾಜ್ಯಶಾಹಿಗಳನ್ನೂ ಮಣಿಸಿದ ಕ್ರಾಂತಿಯ ಕಥೆ ಅದು. 1937ರ ನಾನ್‌ಜಿಂಗ್ ಹತ್ಯಾಕಾಂಡಕ್ಕೆ ಆ ಕಥೆಯಲ್ಲಿ ದೊಡ್ಡ ಜಾಗವಿರಲಿಲ್ಲ. ಅಲ್ಲಿನ ಸ್ಮಾರಕ ಭವನ ತೆರೆದದ್ದೇ 1985ರಲ್ಲಿ. 1990ರ ದಶಕದ ಪಠ್ಯದಲ್ಲಿ ಚೀನಾ ನೊಂದ ದೇಶವಾಯಿತು. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಕೈಬಿಟ್ಟದ್ದು, 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಯುವಾನ್‌ಮಿಂಗ್‌ಯುವಾನ್ ಅರಮನೆಯನ್ನು ಲೂಟಿಗೈದು ಸುಟ್ಟದ್ದು, 1895ರಲ್ಲಿ ತೈವಾನ್ ಜಪಾನಿನ ಪಾಲಾದದ್ದು, 1900ರಲ್ಲಿ ಎಂಟು ದೇಶಗಳ ಸೇನೆ ಬೀಜಿಂಗ್ ಪ್ರವೇಶಿಸಿದ್ದು – ಇವೆಲ್ಲ ಸೇರಿ 'ಶತಮಾನದ ಅವಮಾನ' ಎಂಬ ಹೆಸರಿನ ಮಾಲೆಯಾಯಿತು. ಮಾಲೆಯ ಕೊನೆಯ ಮಣಿ 1949. ಅವಮಾನವನ್ನು ಕೊನೆಗಾಣಿಸಿದ್ದು ಪಕ್ಷ.

ಈ ಘಟನೆಗಳು ಕಟ್ಟುಕಥೆಗಳಲ್ಲ ಎಂಬುದನ್ನು ಹೇಳಲೇಬೇಕು. ಭಾರತಕ್ಕೂ ಅವುಗಳಲ್ಲಿ ಪಾಲಿದೆ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿ ಗಂಗಾ ಬಯಲಿನಲ್ಲಿ ಬೆಳೆದ ಅಫೀಮು ಚೀನಾದ ಕರಾವಳಿಗೆ ಹೋಗುತ್ತಿತ್ತು. ಅದನ್ನು ತಡೆಯಲು ಹೋದ ಚೀನಾದ ಮೇಲೆ ನಡೆದ ಯುದ್ಧಗಳಲ್ಲಿ ಭಾರತೀಯ ಸಿಪಾಯಿಗಳು ಬ್ರಿಟಿಷ್ ಬಾವುಟದಡಿ ಕಾದಾಡಿದರು. ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಹಳೆಯ ಯುದ್ಧಗೌರವಗಳಲ್ಲಿ 'ಟಾಕು ಕೋಟೆಗಳು', 'ಪೀಕಿಂಗ್' ಎಂಬ ಹೆಸರುಗಳಿವೆ. ಒಂದು ಊರಿನ ಸೇನಾಗೌರವ ಮತ್ತೊಂದು ಊರಿನ ಪಠ್ಯದಲ್ಲಿ ಅವಮಾನವಾಗಿ ದಾಖಲಾಗಿರುವುದು ಸಾಮ್ರಾಜ್ಯದ ಇತಿಹಾಸದಲ್ಲಿ ಹೊಸದೇನಲ್ಲ. ಪಠ್ಯದ ದೋಷ ಅದು ಹೇಳಿದ್ದರಲ್ಲಿ ಇರುವುದಕ್ಕಿಂತ ಹೇಳದೆ ಬಿಟ್ಟದ್ದರಲ್ಲಿ ಹೆಚ್ಚಾಗಿದೆ. 1959ರಿಂದ 1961ರವರೆಗಿನ ಭೀಕರ ಕ್ಷಾಮ, ಸಾಂಸ್ಕೃತಿಕ ಕ್ರಾಂತಿಯ ಹಿಂಸೆ, 1989 – ಚೀನೀಯರು ಚೀನೀಯರಿಂದಲೇ ಅನುಭವಿಸಿದ ಸಂಕಟಗಳಿಗೆ ಈ ಮಾಲೆಯಲ್ಲಿ ದಾರವಿಲ್ಲ. 2012ರ ನವೆಂಬರ್ 29ರಂದು, ಪ್ರಧಾನ ಕಾರ್ಯದರ್ಶಿಯಾದ ಎರಡೇ ವಾರಗಳಲ್ಲಿ ಷಿ ಜಿನ್‌ಪಿಂಗ್ 'ಚೀನೀ ಕನಸಿ'ನ ಮಾತನ್ನಾಡಿದ್ದು ರಾಷ್ಟ್ರೀಯ ವಸ್ತುಸಂಗ್ರಹಾಲಯದ 'ಪುನರುತ್ಥಾನದ ಹಾದಿ' ಪ್ರದರ್ಶನದಲ್ಲಿ. ಆ ಪ್ರದರ್ಶನವೂ ಅಫೀಮು ಯುದ್ಧದಿಂದಲೇ ಆರಂಭವಾಗುತ್ತಿತ್ತು.

ಹುಲಿ ಸವಾರಿ

ಕಲಿಸಿದ ಪಾಠ ಬೀದಿಗೆ ಬರಲು ತಡವಾಗಲಿಲ್ಲ. 1996ರಲ್ಲಿ 'ಚೀನಾ ಇಲ್ಲ ಎನ್ನಬಲ್ಲದು' ಎಂಬ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಅದನ್ನು ಬರೆದವರು ಪಕ್ಷದ ಅಧಿಕಾರಿಗಳಲ್ಲ, ಯುವ ಬರಹಗಾರರು. 1999ರ ಮೇ ತಿಂಗಳಲ್ಲಿ ನೇಟೋ ಪಡೆಗಳು ಬೆಲ್‌ಗ್ರೇಡ್‌ನ ಚೀನಾ ರಾಯಭಾರ ಕಚೇರಿಯ ಮೇಲೆ ಬಾಂಬ್ ಹಾಕಿ ಮೂವರು ಚೀನೀ ಪತ್ರಕರ್ತರು ಸತ್ತಾಗ, ಬೀಜಿಂಗ್‌ನ ವಿದ್ಯಾರ್ಥಿಗಳನ್ನು ಅಮೆರಿಕದ ರಾಯಭಾರ ಕಚೇರಿಯತ್ತ ಸಾಗಿಸಲು ಬಸ್ಸುಗಳ ವ್ಯವಸ್ಥೆಯಾಯಿತು. ಹತ್ತು ವರ್ಷಗಳ ಹಿಂದೆ ಇಂಥದೇ ವಿದ್ಯಾರ್ಥಿಗಳನ್ನು ಚೌಕದಿಂದ ಬಲಪ್ರಯೋಗದಿಂದ ತೆರವುಗೊಳಿಸಲಾಗಿತ್ತು.

2005ರ ಏಪ್ರಿಲ್‌ನಲ್ಲಿ ಜಪಾನಿನ ಪಠ್ಯಪುಸ್ತಕಗಳ ವಿರುದ್ಧ, 2008ರಲ್ಲಿ ಒಲಿಂಪಿಕ್ ಜ್ಯೋತಿಗೆ ಪ್ಯಾರಿಸ್‌ನಲ್ಲಿ ಎದುರಾದ ಪ್ರತಿಭಟನೆಯ ನಂತರ ಫ್ರೆಂಚ್ ಮಳಿಗೆಗಳ ವಿರುದ್ಧ, 2012ರ ಸೆಪ್ಟೆಂಬರ್‌ನಲ್ಲಿ ದಿಯಾವೊಯು ಅಥವಾ ಸೆಂಕಾಕು ದ್ವೀಪಗಳ ವಿಚಾರವಾಗಿ ಜನ ಬೀದಿಗಿಳಿದರು. ಕಡೆಯ ಸಂದರ್ಭದಲ್ಲಿ ಶಿಯಾನ್ ನಗರದಲ್ಲಿ ಜಪಾನೀ ಕಂಪನಿಯ ಕಾರು ಓಡಿಸುತ್ತಿದ್ದ ಚೀನೀ ಪ್ರಜೆಯೊಬ್ಬರ ತಲೆಗೆ ಬಲವಾದ ಏಟು ಬಿದ್ದು ಅವರು ಶಾಶ್ವತವಾಗಿ ಅಂಗಹೀನರಾದರು. ಪ್ರತಿ ಬಾರಿಯೂ ಒಂದೇ ಕ್ರಮ: ಮೊದಲ ದಿನಗಳಲ್ಲಿ ಪೊಲೀಸರು ದಾರಿ ಬಿಡುವುದು, ಅನಂತರ ಪತ್ರಿಕೆಗಳು 'ವಿವೇಕಯುತ ದೇಶಪ್ರೇಮ'ದ ಉಪದೇಶ ನೀಡುವುದು, ಕೊನೆಗೆ ಬೀದಿ ಮುಚ್ಚುವುದು. ಹುಲಿಯ ಮೇಲೆ ಕುಳಿತವನಿಗೆ ಸವಾರಿಯೂ ಸುಲಭವಲ್ಲ, ಇಳಿಯುವುದೂ ಸುಲಭವಲ್ಲ. ಜಪಾನ್ ವಿರೋಧಿ ಮೆರವಣಿಗೆ ನಾಳೆ ಭ್ರಷ್ಟಾಚಾರ ವಿರೋಧಿ ಮೆರವಣಿಗೆಯಾದರೆ ಏನು ಮಾಡುವುದೆಂಬ ಅಂಜಿಕೆ ಆಡಳಿತಕ್ಕೆ ಸದಾ ಇತ್ತು. 1919ನ್ನು ಓದಿದವರಿಗೆ ಆ ಅಂಜಿಕೆ ಅರ್ಥವಾಗುವಂಥದು.

ತೋಳದ ಹಾಲು

ಪಠ್ಯವನ್ನೇ ಪ್ರಶ್ನಿಸಿದರೆ ಏನಾಗುತ್ತದೆ ಎಂಬುದಕ್ಕೆ 2006ರ ಪ್ರಕರಣವೊಂದು ಸ್ಪಷ್ಟ ನಿದರ್ಶನ. ಕಮ್ಯುನಿಸ್ಟ್ ಯುವ ಸಂಘಟನೆಯ ದೈನಿಕ 'ಚೀನಾ ಯೂತ್ ಡೈಲಿ'ಗೆ 'ಬಿಂಗ್‌ದಿಯಾನ್' ಎಂಬ ವಾರದ ಪುರವಣಿಯಿತ್ತು. ನೀರು ಹೆಪ್ಪುಗಟ್ಟುವ ಬಿಂದು ಎಂದು ಅದರ ಅರ್ಥ. ಸಂಪಾದಕ ಲಿ ದಾಟಾಂಗ್ ಅವರ ಹೊಣೆಯಲ್ಲಿ ಅದು ದೇಶದ ಅತ್ಯಂತ ಧೀರ ಪುಟಗಳಲ್ಲೊಂದಾಗಿ ಹೆಸರು ಗಳಿಸಿತ್ತು. ಆ ವರ್ಷದ ಜನವರಿ 11ರಂದು ಗುವಾಂಗ್‌ಝೌದ ಝಾಂಗ್‌ಶಾನ್ ವಿಶ್ವವಿದ್ಯಾಲಯದ ತತ್ವಶಾಸ್ತ್ರ ಪ್ರಾಧ್ಯಾಪಕ ಯುವಾನ್ ವೀಶಿ ಅವರ 'ಆಧುನಿಕೀಕರಣ ಮತ್ತು ಇತಿಹಾಸ ಪಠ್ಯಪುಸ್ತಕಗಳು' ಎಂಬ ದೀರ್ಘ ಲೇಖನ ಅದರಲ್ಲಿ ಪ್ರಕಟವಾಯಿತು.

ಯುವಾನ್ ಅವರ ವಾದ ಸರಳವಾಗಿತ್ತು. ಮಾಧ್ಯಮಿಕ ಶಾಲೆಯ ಪಠ್ಯವು 1900ರ ಬಾಕ್ಸರ್ ದಂಗೆಯನ್ನು ದೇಶಪ್ರೇಮದ ಹೋರಾಟವೆಂದು ವರ್ಣಿಸುತ್ತದೆ. ಆದರೆ ಬಾಕ್ಸರ್‌ಗಳು ಅಮಾಯಕ ವಿದೇಶಿಯರನ್ನು, ಮಕ್ಕಳನ್ನೂ ಬಿಡದೆ ಕೊಂದದ್ದನ್ನು, ರೈಲು ಹಳಿ ಹಾಗೂ ತಂತಿ ಕಂಬಗಳನ್ನು ಕಿತ್ತೆಸೆದದ್ದನ್ನು ಹೇಳುವುದಿಲ್ಲ. 1860ರಲ್ಲಿ ಅರಮನೆ ಸುಟ್ಟದ್ದು ಅಪರಾಧವೇ; ಆದರೆ ಚಿಂಗ್ ದೊರೆಗಳ ಅವಿವೇಕಕ್ಕೆ ಅದರಲ್ಲಿ ಪಾತ್ರವಿತ್ತೆಂಬುದನ್ನು ಮಕ್ಕಳು ತಿಳಿಯಬಾರದೇಕೆ? ಸಾಂಸ್ಕೃತಿಕ ಕ್ರಾಂತಿಯ ಪೀಳಿಗೆ ತೋಳದ ಹಾಲು ಕುಡಿದು ಬೆಳೆಯಿತು ಎಂಬ ಮಾತು ಚೀನಾದಲ್ಲಿ ಮೊದಲೇ ಇತ್ತು. ಇಂದಿನ ಮಕ್ಕಳಿಗೂ ಅದನ್ನೇ ಕುಡಿಸಲಾಗುತ್ತಿದೆ ಎಂದು ಅವರು ಬರೆದರು. ಜಪಾನಿನ ಪಠ್ಯಪುಸ್ತಕಗಳು ಯುದ್ಧಾಪರಾಧಗಳನ್ನು ಮರೆಮಾಚುತ್ತವೆ ಎಂದು ಚೀನಾದ ನಗರಗಳು ಕೂಗಿ ಇನ್ನೂ ಒಂಬತ್ತು ತಿಂಗಳು ಕಳೆದಿರಲಿಲ್ಲ.

ಜನವರಿ 24ರಂದು ಪುರವಣಿಯನ್ನು ಮುಚ್ಚಿಸಲಾಯಿತು. ಲಿ ದಾಟಾಂಗ್ ಬಹಿರಂಗ ಪ್ರತಿಭಟನಾ ಪತ್ರ ಬರೆದರು. ಅಷ್ಟೇ ಆಗಿದ್ದರೆ ವಿಷಯ ಅಲ್ಲಿಗೆ ನಿಲ್ಲುತ್ತಿತ್ತು. ಆದರೆ ಪಕ್ಷದ ಹಿರಿತಲೆಗಳೇ ಅವರ ಬೆನ್ನಿಗೆ ನಿಂತರು. ಮಾವೊ ಅವರ ಒಂದು ಕಾಲದ ಕಾರ್ಯದರ್ಶಿ ಲಿ ರುಯಿ, 'ಪೀಪಲ್ಸ್ ಡೈಲಿ'ಯ ಮಾಜಿ ಮುಖ್ಯಸ್ಥ ಹು ಜಿವೀ, ಪ್ರಚಾರ ಇಲಾಖೆಯ ಮಾಜಿ ಮುಖ್ಯಸ್ಥ ಝು ಹೌಝೆ ಮೊದಲಾದವರು ಮುಚ್ಚುಗಡೆಯನ್ನು ಖಂಡಿಸಿ ಸಹಿ ಹಾಕಿದರು. ಪತ್ರಿಕೆಗಳ ಬಾಯಿ ಕಟ್ಟುವ ಇಲಾಖೆಯನ್ನು ಸ್ವತಃ ನಡೆಸಿದ್ದವರೊಬ್ಬರು ಆ ಸಹಿದಾರರಲ್ಲಿದ್ದುದು ಕುತೂಹಲಕರ. ಮಾರ್ಚ್ 1ರಂದು 'ಬಿಂಗ್‌ದಿಯಾನ್' ಮತ್ತೆ ಹೊರಬಂದಿತು. ಲಿ ದಾಟಾಂಗ್ ಮತ್ತು ಅವರ ಸಹೋದ್ಯೋಗಿ ಲು ಯುವೆಗಾಂಗ್ ಅವರನ್ನು ತೆಗೆದುಹಾಕಲಾಗಿತ್ತು. ಹೊಸ ಸಂಚಿಕೆಯಲ್ಲಿ ಯುವಾನ್ ಅವರ ಲೇಖನಕ್ಕೆ ಅಧಿಕೃತ ಇತಿಹಾಸಕಾರರ ಖಂಡನೆ ಅಚ್ಚಾಗಿತ್ತು. ಅದಕ್ಕೆ ಉತ್ತರಿಸುವ ಅವಕಾಶ ಯುವಾನ್ ಅವರಿಗೆ ಆ ಪುಟಗಳಲ್ಲಿ ಸಿಗಲಿಲ್ಲ.

ಮುಚ್ಚಿದ ಬಾಗಿಲುಗಳು

ಸುಧಾರಣೆಯ ಮಾತು 1989ರ ನಂತರ ಪೂರ್ತಿ ಸತ್ತಿರಲಿಲ್ಲ. 1998ರ ಕಾಯ್ದೆಯಡಿ ಹಳ್ಳಿಗಳಲ್ಲಿ ಗ್ರಾಮ ಸಮಿತಿಗಳಿಗೆ ಚುನಾವಣೆ ನಡೆಯುತ್ತಿತ್ತು, ಆದರೆ ಅದು ಹಳ್ಳಿಯ ಗಡಿ ದಾಟಲಿಲ್ಲ. 2008ರ ಡಿಸೆಂಬರ್‌ನಲ್ಲಿ 303 ಮಂದಿ ಸಹಿ ಮಾಡಿದ 'ಚಾರ್ಟರ್ 08' ಅಧಿಕಾರ ವಿಭಜನೆ, ಸ್ವತಂತ್ರ ನ್ಯಾಯಾಂಗ ಮತ್ತು ಚುನಾವಣೆಗಳನ್ನು ಕೇಳಿತು. ಅದರ ಪ್ರಮುಖ ರೂವಾರಿಗಳಲ್ಲೊಬ್ಬರಾದ ಲಿಯು ಷಿಯಾವೊಬೊ ಅವರಿಗೆ 2009ರ ಕ್ರಿಸ್‌ಮಸ್ ದಿನದಂದು 11 ವರ್ಷಗಳ ಸಜೆಯಾಯಿತು. 2010ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಓಸ್ಲೋದಲ್ಲಿ ಅವರ ಕುರ್ಚಿ ಖಾಲಿಯಿತ್ತು. 2017ರ ಜುಲೈನಲ್ಲಿ ಬಂಧನದಲ್ಲಿರುವಾಗಲೇ ಅವರು ತೀರಿಕೊಂಡರು. ಪ್ರಧಾನಿ ವೆನ್ ಜಿಯಾಬಾವೊ 2010ರಲ್ಲಿ ಶೆನ್‌ಝೆನ್‌ನಲ್ಲಿ, ರಾಜಕೀಯ ಸುಧಾರಣೆಯಿಲ್ಲದೆ ಆರ್ಥಿಕ ಸಾಧನೆಯೂ ಕೈಜಾರಬಹುದೆಂದು ಎಚ್ಚರಿಸಿದರು. ಅಧಿಕಾರದಲ್ಲಿದ್ದವರ ಬಾಯಿಂದ ಅಷ್ಟು ನೇರವಾದ ಮಾತು ಅಪರೂಪವಾಗಿತ್ತು.

2013ರ ಹೊಸ ವರ್ಷಕ್ಕೆ ಗುವಾಂಗ್‌ಝೌದ 'ಸದರ್ನ್ ವೀಕ್ಲಿ' ಪತ್ರಿಕೆಯು ಚೀನೀ ಕನಸೆಂದರೆ ಸಂವಿಧಾನಬದ್ಧ ಆಡಳಿತದ ಕನಸು ಎಂಬ ಸಂಪಾದಕೀಯವನ್ನು ಸಿದ್ಧಪಡಿಸಿತ್ತು. ಪ್ರಚಾರಾಧಿಕಾರಿಗಳು ಅದನ್ನು ಪಕ್ಷದ ಸ್ತುತಿಯಾಗಿ ತಿದ್ದಿಸಿದರು. ಅದೇ ವರ್ಷದ 'ದಾಖಲೆ ಸಂಖ್ಯೆ 9' ಎಂಬ ಆಂತರಿಕ ಸುತ್ತೋಲೆಯು ಸಂವಿಧಾನಬದ್ಧ ಪ್ರಜಾಪ್ರಭುತ್ವ, ಸಾರ್ವತ್ರಿಕ ಮೌಲ್ಯಗಳು, ನಾಗರಿಕ ಸಮಾಜ, ಪಾಶ್ಚಾತ್ಯ ಮಾದರಿಯ ಪತ್ರಿಕೋದ್ಯಮ ಇತ್ಯಾದಿ ಏಳು ಅಪಾಯಗಳನ್ನು ಪಟ್ಟಿ ಮಾಡಿತು. ಪಕ್ಷದ ಇತಿಹಾಸವನ್ನು ಕೆದಕುವ 'ಐತಿಹಾಸಿಕ ನಿರಾಕರಣವಾದ'ವೂ ಅದರಲ್ಲಿತ್ತು. ಆ ಸುತ್ತೋಲೆಯನ್ನು ಹೊರಗೆಡವಿದ ಆರೋಪದಲ್ಲಿ 71 ವರ್ಷದ ಪತ್ರಕರ್ತೆ ಗಾವೊ ಯು ಅವರಿಗೆ 2015ರಲ್ಲಿ ಏಳು ವರ್ಷಗಳ ಶಿಕ್ಷೆ ವಿಧಿಸಲಾಯಿತು. ಮೇಲ್ಮನವಿಯ ನಂತರ ಅದು ಐದಕ್ಕೆ ಇಳಿಯಿತು. 2018ರ ಮಾರ್ಚ್ 11ರಂದು ರಾಷ್ಟ್ರೀಯ ಜನತಾ ಕಾಂಗ್ರೆಸ್ ಅಧ್ಯಕ್ಷರ ಅವಧಿ ಮಿತಿಯನ್ನು ತೆಗೆದುಹಾಕಿತು. ಪರವಾಗಿ ಬಿದ್ದ ಮತಗಳು 2958, ವಿರುದ್ಧ 2. ಡೆಂಗ್ 1980ರಲ್ಲಿ ಗುರುತಿಸಿದ್ದ ರೋಗಕ್ಕೆ 1982ರಲ್ಲಿ ಕೊಟ್ಟಿದ್ದ ಮದ್ದು ಅಲ್ಲಿಗೆ ಮುಗಿಯಿತು.

ಪಠ್ಯದಿಂದ ದಂಡಸಂಹಿತೆಗೆ

2019ರ ಏಪ್ರಿಲ್ 30ರಂದು ಮೇ 4ರ ಚಳವಳಿಯ ಶತಮಾನೋತ್ಸವದಲ್ಲಿ ಷಿ, ಇಂದಿನ ಚೀನಾದಲ್ಲಿ ದೇಶಪ್ರೇಮದ ಸಾರವೆಂದರೆ ದೇಶ, ಪಕ್ಷ ಮತ್ತು ಸಮಾಜವಾದಗಳ ಮೇಲಿನ ಪ್ರೀತಿಯ ಐಕ್ಯವೆಂದು ಸಾರಿದರು. ಅವಳಿಗಳಲ್ಲಿ ಒಂದರ ಹೆಸರು ಆ ವ್ಯಾಖ್ಯೆಯಲ್ಲಿರಲಿಲ್ಲ. ಅದಕ್ಕೂ ಮೊದಲೇ, 2018ರಲ್ಲಿ ವೀರರು ಮತ್ತು ಹುತಾತ್ಮರ ರಕ್ಷಣಾ ಕಾಯ್ದೆ ಜಾರಿಗೆ ಬಂದಿತ್ತು. 2021ರ ಮಾರ್ಚ್ 1ರಿಂದ ಹುತಾತ್ಮರ ನಿಂದನೆಯು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧವಾಯಿತು.

ಆ ವಿಧಿಯಡಿ ಮೊದಲು ಶಿಕ್ಷೆಗೊಳಗಾದವರ ಪ್ರಕರಣ ಭಾರತಕ್ಕೆ ನೇರವಾಗಿ ಸಂಬಂಧಿಸಿದ್ದು. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯ ಘರ್ಷಣೆಯಲ್ಲಿ 20 ಭಾರತೀಯ ಯೋಧರು ಮಡಿದರು. ತನ್ನ ಕಡೆ ನಾಲ್ವರು ಸತ್ತರೆಂದು ಚೀನಾ ಹೇಳಿದ್ದು ಎಂಟು ತಿಂಗಳ ನಂತರ, 2021ರ ಫೆಬ್ರುವರಿ 19ರಂದು. ಅಂದೇ ಮಾಜಿ ಪತ್ರಕರ್ತ ಚಿಯು ಝಿಮಿಂಗ್ ಸಾಮಾಜಿಕ ಜಾಲತಾಣ ವೀಬೊದಲ್ಲಿ ಆ ಸಂಖ್ಯೆಯ ಬಗ್ಗೆ ಸಂಶಯ ವ್ಯಕ್ತಪಡಿಸಿ, ಅಧಿಕಾರಿ ಬದುಕುಳಿದು ಸೈನಿಕರು ಸತ್ತದ್ದನ್ನು ಕುಟುಕಿದರು. ಮೇ 31ರಂದು ನಾನ್‌ಜಿಂಗ್ ನ್ಯಾಯಾಲಯ ಅವರಿಗೆ ಎಂಟು ತಿಂಗಳ ಸಜೆ ವಿಧಿಸಿತು. ಸಾರ್ವಜನಿಕವಾಗಿ ಕ್ಷಮೆ ಕೇಳುವಂತೆಯೂ ಆದೇಶಿಸಿತು. ಅವರು ಆ ಸಾಲುಗಳನ್ನು ಬರೆದ ದಿನ ಹೊಸ ವಿಧಿ ಇನ್ನೂ ಜಾರಿಗೆ ಬಂದಿರಲಿಲ್ಲ.

ಹಾಂಗ್‌ಕಾಂಗ್‌ನಲ್ಲಿ 2012ರಲ್ಲಿ 'ನೈತಿಕ ಮತ್ತು ರಾಷ್ಟ್ರೀಯ ಶಿಕ್ಷಣ'ವನ್ನು ಕಡ್ಡಾಯಗೊಳಿಸುವ ಯತ್ನವನ್ನು ಶಾಲಾ ಮಕ್ಕಳೂ ಪಾಲಕರೂ ಧರಣಿ ಕುಳಿತು ತಡೆದಿದ್ದರು. 2021ರ ಮಾರ್ಚ್‌ನಲ್ಲಿ ಬೀಜಿಂಗ್ ಆ ನಗರದ ಚುನಾವಣಾ ಪದ್ಧತಿಯನ್ನೇ 'ದೇಶಪ್ರೇಮಿಗಳಿಂದ ಆಡಳಿತ' ಎಂಬ ತತ್ವದಡಿ ಬದಲಿಸಿತು. ನಿರ್ಣಯದ ಪರ 2895 ಮತಗಳು, ವಿರುದ್ಧ ಸೊನ್ನೆ. ಅಭ್ಯರ್ಥಿಯು ದೇಶಪ್ರೇಮಿ ಹೌದೋ ಅಲ್ಲವೋ ಎಂಬುದನ್ನು ಸಮಿತಿಯೊಂದು ಪರಿಶೀಲಿಸತೊಡಗಿತು. ಜನರು ನೇರವಾಗಿ ಆರಿಸುವ ಸ್ಥಾನಗಳು 35ರಿಂದ 20ಕ್ಕೆ ಇಳಿದವು. ಆ ಡಿಸೆಂಬರ್‌ನಲ್ಲಿ ಮತ ಹಾಕಿದವರು ಶೇ. 30ರಷ್ಟು ಮಾತ್ರ.

2022ರ ನವೆಂಬರ್ ಕೊನೆಯಲ್ಲಿ, ಕೋವಿಡ್ ನಿರ್ಬಂಧಗಳಿಂದ ಬೇಸತ್ತ ಯುವಜನರು ಶಾಂಘೈ, ಬೀಜಿಂಗ್ ಮತ್ತಿತರ ನಗರಗಳಲ್ಲಿ ಬಿಳಿ ಹಾಳೆಗಳನ್ನು ಹಿಡಿದು ನಿಂತರು. ಬೀಜಿಂಗ್‌ನ ಗುಂಪಿನಲ್ಲಿ ಒಬ್ಬಾತ, ವಿದೇಶಿ ಶಕ್ತಿಗಳ ಬಗ್ಗೆ ಎಚ್ಚರವಿರಲಿ ಎಂದ. ನೀವು ಹೇಳುವ ವಿದೇಶಿಯರು ಮಾರ್ಕ್ಸ್ ಮತ್ತು ಎಂಗೆಲ್ಸ್ ಅವರೇ ಎಂದು ಮತ್ತೊಬ್ಬರು ಕೇಳಿದರು. ಗುಂಪು ಹಾಡಿದ್ದು ರಾಷ್ಟ್ರಗೀತೆಯನ್ನು. ಅದನ್ನು ಬರೆದ ಕವಿ ತಿಯಾನ್ ಹಾನ್ 1968ರಲ್ಲಿ, ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಬಂಧನದಲ್ಲೇ ಸತ್ತವರು. ಅವರ ಪದಗಳು ರಾಷ್ಟ್ರಗೀತೆಗೆ ಅಧಿಕೃತವಾಗಿ ಮರಳಿದ್ದು 1982ರಲ್ಲಿ. ಡಿಸೆಂಬರ್ 7ರಂದು ನಿರ್ಬಂಧಗಳು ಸಡಿಲಗೊಂಡವು, ಹಾಳೆ ಹಿಡಿದವರಲ್ಲಿ ಹಲವರು ಬಂಧನಕ್ಕೊಳಗಾದರು.

2023ರ ಅಕ್ಟೋಬರ್ 24ರಂದು ದೇಶಪ್ರೇಮ ಶಿಕ್ಷಣ ಕಾಯ್ದೆಗೆ ಅಂಗೀಕಾರ ದೊರೆಯಿತು. 2024ರ ಜನವರಿ 1ರಿಂದ ಅದು ಜಾರಿಯಲ್ಲಿದೆ. 1994ರಲ್ಲಿ ಮಾರ್ಗಸೂಚಿಯಾಗಿದ್ದದ್ದು ಈಗ 40 ವಿಧಿಗಳ ಶಾಸನ. ಶಾಲೆಗಳ ಜೊತೆಗೆ ಕಂಪನಿಗಳು, ಧಾರ್ಮಿಕ ಸಂಸ್ಥೆಗಳು, ಅಂತರ್ಜಾಲ ಸೇವಾದಾರರು, ಹಾಂಗ್‌ಕಾಂಗ್ ಮತ್ತು ಮಕಾವ್ ಅದರ ವ್ಯಾಪ್ತಿಗೆ ಬರುತ್ತವೆ. ಮನೆಯಲ್ಲಿ ಮಕ್ಕಳಿಗೆ ದೇಶವನ್ನು ಪ್ರೀತಿಸಲು ಕಲಿಸುವುದು ತಂದೆ ತಾಯಿಯರ ಹೊಣೆಯೆಂದು ಅದರಲ್ಲಿ ಬರೆದಿದೆ.